ಅರ್ಧ ಸೀಸೆ ಜಟಾಮಾಂಸಿ

ಈಸ್ಟರಿಗೆ ಮುಂಚಿನ ವಾರದ ಬುಧವಾರ, ಬೆಳಗು. ನೈಲ್ ಕಡೆಯಿಂದ ಬೀಸುವ ಗಾಳಿಯಲ್ಲಿ ಇನ್ನೂ ತಂಪಿದೆ. ಈಜಿಪ್ಟಿನ ಅಸ್ಯೂತ್‌ನಾಚೆಯ ಈ ಪುಟ್ಟ ಊರಿನ ಇಗರ್ಜಿಯಲ್ಲಿ ಕಂಬಕಂಬಕ್ಕೂ ಕರಿಬಟ್ಟೆ ಸುತ್ತಿದ್ದಾರೆ. ಪಕ್ಕದ ಸಾಮಾನು ಕೋಣೆಯಿಂದ ಮಾತ್ರ ಟಣ್, ಟಣ್ ಎಂಬ ಸದ್ದು. ಫಿಬ್ರೋನ್ಯಾ ನೆಲದ ಮೇಲೆ ಕಾಲು ಚಾಚಿ ಕೂತು, ಮೊಣಕಾಲುಗಳ ನಡುವೆ ಹಿತ್ತಾಳೆಯ ಒರಳು ಸಿಕ್ಕಿಸಿಕೊಂಡು ರಕ್ತಬೋಳ ಎಂಬ ಸುಗಂಧದ ಗೋಂದನ್ನು ಕುಟ್ಟುತ್ತಿದ್ದಾರೆ. ಬಿಸಿಲೇರುವ ಮುಂಚೆ ಮುಗಿಸಬೇಕು.

"ಸೆಕೆ ಹತ್ತಿತು ಅಂದ್ರೆ ಬೋಳ ಅಂಟಂಟಾಗುತ್ತೆ. ಹಟಮಾರಿ ಸೊಸೆ ಥರ, ಒರಳು ಬಿಟ್ಟು ಏಳೋದೇ ಇಲ್ಲ" ಎಂದು ತಮ್ಮ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಕುಟ್ಟಿದ್ದನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ಉಳಿದ ಕಾಳು ಮತ್ತೆ ಒರಳಿಗೆ. ಅಗರು, ದಾಲ್ಚಿನ್ನಿ, ಒಣಗಿದ ಗುಲಾಬಿ ಎಸಳು ಒಂದೊಂದಾಗಿ ಸೇರಿ, ಕೊನೆಗೆ ಪರಿಮಳದ ಎಣ್ಣೆ ಬೀಳುತ್ತದೆ. ಶುಕ್ರವಾರ ಸಂಜೆ ಶಿಲುಬೆಗೇರಿದ ಕರ್ತನ ಚಿತ್ರಪಟವನ್ನು ಬಿಳಿಬಟ್ಟೆಯಲ್ಲಿ ಸುತ್ತಿ, ಮಣ್ಣು ಮಾಡುವಂತೆ ಪೀಠದ ಮೇಲೆ ಮಲಗಿಸುವಾಗ ಪಾದ್ರಿಗಳು ಹಿಡಿಹಿಡಿಯಾಗಿ ಸುರಿಯುವುದು ಇದೇ ಪುಡಿಯನ್ನು. ಜನಕ್ಕೆ ಕಾಣುವುದು ಪಾದ್ರಿಗಳ ಕೈ. ಕುಟ್ಟಿದ ಕೈ ಹೆಂಗಸರ ಸಾಲಿನ ಕೊನೆಯಲ್ಲಿ, ಕರಿ ಶಾಲಿನೊಳಗೆ ಇರುತ್ತದೆ.

ಈ ಕೆಲಸ ಅತ್ತೆಯಿಂದ ಬಂದದ್ದು. ಗಂಡ ಇಟ್ಟಿಗೆ ಗೂಡಿನ ಹೊಗೆ ಕುಡಿದೂ ಕುಡಿದೂ ಎದೆ ಹಾಳಾಗಿ ತೀರಿಹೋದ ಮೇಲೆ, ಪೀಠದ ಬಟ್ಟೆ ಒಗೆಯುವುದು, ಮೇಣದ ಕಲೆಯ ಮೇಲೆ ಕಾಗದ ಇಟ್ಟು ಇಸ್ತ್ರಿ ಉಜ್ಜಿ ತೆಗೆಯುವುದು, ಮೆಟ್ಟಿಲು ಗುಡಿಸುವುದು ಇದರಲ್ಲೇ ಮಗಳು ದಿಮ್ಯಾನಾಳನ್ನು ಬೆಳೆಸಿದರು. ವಾರವಾರದ ಧೂಪವಾಗಲಿ, ಈ ಪುಡಿಯಾಗಲಿ, ಕುಟ್ಟುವುದಕ್ಕೆ ಕೂಲಿ ಕೇಳಿದವರಲ್ಲ. ಧೂಳಿಗೆ ಕಣ್ಣು ಸದಾ ಕೆಂಪು, ಕೆಮ್ಮು ಬಿಟ್ಟಿಲ್ಲ. ಕೈಯ ವಾಸನೆಯಂತೂ ಸಾಬೂನಿಗೆ ಜಗ್ಗುವುದಿಲ್ಲ. "ವ್ಯಾನಲ್ಲಿ ಪಕ್ಕ ಕೂತವರು, ಮನೇಲಿ ಯಾರಮ್ಮ ತೀರ್ಕೊಂಡಿದ್ದು ಅಂತ ಕೇಳ್ತಾರೆ. ವಾರಕ್ಕೊಬ್ಬರನ್ನ ಎಲ್ಲಿಂದ ಸಾಯಿಸಲಿ?"

ಎರಡು ನಿಮಿಷ ಸಿಕ್ಕಿದರೂ ಎರಡು ಕೆನ್ನೆಗೂ ಮುತ್ತಿಟ್ಟೇ ಬೀಳ್ಕೊಡುವ ಊರು ಇದು. ಆದರೆ ಈ ವಾರ, ಮಂಗಳವಾರ ರಾತ್ರಿಯಿಂದ, ಭಾನುವಾರಕ್ಕೆ ಕರ್ತನು ಸಾವಿನಿಂದ ಎದ್ದ ಸುದ್ದಿ ಸಾರುವವರೆಗೆ ಯಾರೂ ಯಾರಿಗೂ ಮುತ್ತಿಡುವುದಿಲ್ಲ. ಯೂದ ತನ್ನ ಗುರುವಾದ ಕರ್ತನನ್ನು ಶತ್ರುಗಳಿಗೆ ಹಿಡಿದುಕೊಟ್ಟದ್ದು ಮುತ್ತಿಟ್ಟೇ ಅಲ್ಲವೇ. ತಾಯಂದಿರು ಕೂಡ ಮಕ್ಕಳ ತಲೆ ಸವರಿ ಸುಮ್ಮನಾಗುತ್ತಾರೆ. ಊರಿಗೆಲ್ಲ ಈ ದಿನಗಳು ಬಿಕೋ ಎನ್ನುತ್ತವೆ. ಫಿಬ್ರೋನ್ಯಾ ಅವರಿಗೆ ಮಾತ್ರ ನಿರಾಳ.

"ನನ್ನ ಕೆನ್ನೆ ಹತ್ರ ಯಾರೂ ಬರಲ್ಲವಲ್ಲ, ಅಷ್ಟು ದಿನ ಉಸಿರಾಡ್ತೀನಿ" ಎಂದವರು ಕುಟ್ಟುವುದನ್ನು ನಿಲ್ಲಿಸುತ್ತಾರೆ. "ಹೊಗಳಿ ಬರೆಯೋಕೆ ಬಂದಿದ್ರೆ ಎದ್ದು ಹೋಗಿ. ಬರೆಯೋದಾದ್ರೆ ಇದನ್ನೂ ಬರೀಬೇಕು."

ಮೂರು ವರ್ಷದ ಹಿಂದೆ, ಇಂಥದೇ ಬುಧವಾರ, ಬೀದಿಯಲ್ಲಿ ಸೊಪ್ಪು ಮಾರುವ ವರ್ದಾ ಒಂದು ಪುಟ್ಟ ಸೀಸೆ ತಂದರು. ಅಪ್ಪಟ ಜಟಾಮಾಂಸಿ ತೈಲ. ಸುವಾರ್ತೆಯ ಕಥೆಯಲ್ಲಿ ಬೇಥಾನ್ಯ ಊರಿನ ಮರಿಯಳು ಕರ್ತನ ಪಾದಕ್ಕೆ ಸುರಿದಳಲ್ಲ, ಮನೆಯೆಲ್ಲ ಘಮಘಮಿಸಿತಲ್ಲ, ಅದೇ. ಅದಕ್ಕಾಗಿ ವರ್ದಾ ತವರಿನ ಓಲೆ ಮಾರಿದ್ದರು. ಅವರ ಮನೆಗೆ ಬಾಗಿಲಿರಲಿಲ್ಲ, ಗೋಣಿತಾಟು ನೇತು ಬಿಟ್ಟಿದ್ದರು. "ಪೂರ್ತಿ ಹುಯ್ಯಿ ಅಕ್ಕಾ, ತಳದಲ್ಲೂ ಉಳಿಸಬೇಡ" ಎಂದು ಹೇಳಿ ಹೋದರು.

ಫಿಬ್ರೋನ್ಯಾ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬಾಗಿಲಿಲ್ಲದವಳಿಗೆ ಎಂಥ ದುಂದು! ಅರ್ಧ ಸುರಿದರು. ಅಳತೆ ಸರಿತೂಗಿಸಲು ಎಳ್ಳೆಣ್ಣೆ ಬೆರೆಸಿದರು. ಉಳಿದರ್ಧ ಮಾರಿ ಅವಳಿಗೇ ಒಂದು ಬಾಗಿಲು ಮಾಡಿಸಿದರಾಯಿತು ಎಂದು ಬೇಳೆ ಡಬ್ಬಿಯ ಹಿಂದೆ ಬಚ್ಚಿಟ್ಟರು.

"ಬಡವರಿಗೆ ಅಂತಲೇ ಇಟ್ಟಿದ್ದು. ಯೂದನೂ ಹಾಗೇ ಹೇಳಿದ್ನಲ್ಲ, ಇದನ್ನ ಮಾರಿ ಬಡವರಿಗೆ ಕೊಡಬಹುದಿತ್ತು ಅಂತ. ವರ್ಷಾವರ್ಷ ಕೇಳಿದ ಮಾತು. ನನ್ನ ಬಾಯಲ್ಲೇ ಬಂದಾಗ ಗುರುತು ಸಿಗಲಿಲ್ಲ."

ಸೀಸೆ ಅಲ್ಲೇ ಕೂತಿತು. ಬೇಸಿಗೆ ಕಳೆದ ಮೇಲೆ ದಿಮ್ಯಾನಾಳ ಮದುವೆ ಬಂತು. ಗೋರಂಟಿಯ ರಾತ್ರಿ ಮಗಳ ತಲೆಗೆ ಒಂದು ಹನಿ, ಒಂದೇ ಹನಿ ಎಂದುಕೊಂಡು ಬಿರಡೆ ತೆಗೆದ ತಾಯಿ ಸೀಸೆಯನ್ನು ಬರಿದು ಮಾಡಿಬಿಟ್ಟರು. ಮರುದಿನ ವರ್ದಾ ಬಂದರು. ಮದುಮಗಳ ಬಳಿ ಬಾಗಿದವರು ಅವಳ ಕೂದಲಿನ ಘಮಕ್ಕೆ ಹಾಗೇ ನಿಂತರು. ಆಮೇಲೆ ತಿರುಗಿ ಫಿಬ್ರೋನ್ಯಾರ ಎರಡೂ ಕೆನ್ನೆಗೆ ಮುತ್ತಿಟ್ಟು ಹೋದರು.

ಪಾದ್ರಿ ಅಬೂನಾ ಬಿಸಂತಿ ಅವರ ಮುಂದೆ ಪಾಪನಿವೇದನೆಯೇನೋ ಆಯಿತು. "ಕೇಳಿಸಿಕೊಂಡೆ ತಾಯಿ. ಆದರೆ ಎಣ್ಣೆ ನನ್ನದಲ್ಲ" ಎಂದಿದ್ದರಂತೆ ಅವರು. ಅಂದಿನಿಂದ ವರ್ದಾ ಎದುರಾದರೆ ಫಿಬ್ರೋನ್ಯಾ ಓಣಿ ಬದಲಿಸುತ್ತಾರೆ. ಸೊಪ್ಪನ್ನು ಬೇರೆಯವರ ಹತ್ತಿರ ಕೊಳ್ಳುತ್ತಾರೆ, ಅದು ಬಾಡಿದ್ದಾದರೂ.

ಇಗರ್ಜಿಯೊಳಗೆ ಸುವಾರ್ತೆಯ ಪಾಠ ಶುರುವಾಗಿದೆ. ಎಣ್ಣೆ ಸುರಿದವಳ ಕಥೆ, ಅದರ ಬೆನ್ನಿಗೇ ಗುರುವನ್ನು ಮಾರಿದವನ ಕಥೆ. ಅಷ್ಟರಲ್ಲಿ ಕೋಣೆಯ ಬಾಗಿಲಿಗೆ ನೆರಳು ಬೀಳುತ್ತದೆ. ಕಂಕುಳಲ್ಲಿ ಸೊಪ್ಪಿನ ಬುಟ್ಟಿ, ಬೋಳು ಕಿವಿ, ಮುಷ್ಟಿಯಲ್ಲಿ ಇನ್ನೊಂದು ಪುಟ್ಟ ಸೀಸೆ.

"ಅಕ್ಕಾ, ಇನ್ನೂ ಸತ್ತಿಲ್ವಾ?" ಎನ್ನುತ್ತಾರೆ ವರ್ದಾ.

"ಈ ವಾಸನೇಲಿ ಸತ್ರೂ ಯಾರಿಗೆ ಗೊತ್ತಾಗುತ್ತೆ" ಎನ್ನುವ ಫಿಬ್ರೋನ್ಯಾರ ಕಣ್ಣು ಒರಳಿನಲ್ಲೇ ಇದೆ.

"ತಗೋ. ಸೊಪ್ಪಿನ ಕಾಸು ಕೂಡಿಸಿ ತಂದದ್ದು. ಈ ಸಲಾನೂ ಪೂರ್ತಿ ಹುಯ್ಯಿ."

ಫಿಬ್ರೋನ್ಯಾ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. "ನನ್ನ ಕೈಗೆ ಕೊಡಬೇಡ ವರ್ದಾ. ಆವತ್ತು ಅರ್ಧನೇ ಹುಯ್ದೆ. ಮಿಕ್ಕಿದ್ದು ನನ್ನ ಮಗಳ ತಲೆಗೆ ಹೋಯ್ತು."

ವರ್ದಾ ಬುಟ್ಟಿ ಇಳಿಸುತ್ತಾರೆ. "ಗೊತ್ತು. ಇಗರ್ಜಿಗೆ ತರೋ ಮುಂಚೆ ದಿನಾ ಬಿರಡೆ ತೆಗೆದು ಮೂಸ್ತಿದ್ದೆ. ನನಗೆ ಗೊತ್ತಾಗಲ್ವಾ?"

"ಮತ್ತೆ ಮುತ್ತು ಯಾಕಿಟ್ಟೆ?"

"ಮದುವೆಮನೇಲಿ ಕೂದಲು ಹಿಡಿದು ಎಳೀಬೇಕಿತ್ತಾ? ಮುತ್ತಿಟ್ಟೆ. ಆಚೆ ಬಂದು ಗೋಡೆ ಹಿಂದೆ ಉಗಿದೆ. ಅದನ್ನೂ ತಿಳ್ಕೋ."

"ನಿನ್ನ ಮನೆಗೆ ಬಾಗಿಲಿರಲಿಲ್ಲ, ಅದಕ್ಕೆ ಅಂತ…"

"ಗೋಣಿತಾಟು ನಂದು, ಚಳಿ ನಂದು. ನಿನ್ನ ಹತ್ರ ಬಂದು ಬಾಗಿಲು ಕೇಳಿದ್ನಾ?"

ವರ್ದಾ ಸೀಸೆಯನ್ನು ಫಿಬ್ರೋನ್ಯಾರ ಅಂಗೈಯಲ್ಲಿಟ್ಟು ಬೆರಳು ಮಡಿಸುತ್ತಾರೆ. "ಹುಯ್ಯಿ. ನಾನು ನೋಡ್ತಾ ನಿಂತಿರ್ತೀನಿ."

ಎಣ್ಣೆ ಎಳೆಯಾಗಿ ಪುಡಿಯೊಳಗೆ ಇಳಿಯುತ್ತದೆ. ಘಮ ಕೋಣೆ ತುಂಬಿ, ಅಂಗಳಕ್ಕೂ ಹರಡುತ್ತದೆ; ಪಾಠ ಓದುತ್ತಿದ್ದ ದನಿ ಕೂಡ ಒಂದು ಕ್ಷಣ ತಡವರಿಸುತ್ತದೆ.

"ಇನ್ನೂ ಇದೆ. ತಟ್ಟು."

ತಟ್ಟುತ್ತಾರೆ. ಕೊನೆಯ ಹನಿ ಬಿದ್ದ ಮೇಲೆ ವರ್ದಾ ಬುಟ್ಟಿ ಎತ್ತಿಕೊಳ್ಳುತ್ತಾರೆ. ಹೊರಡುವ ಹೊತ್ತಿನ ಅಭ್ಯಾಸಕ್ಕೆ ಇಬ್ಬರ ಮುಖವೂ ಒಂದಿಷ್ಟು ಮುಂದೆ ಬಂದು, ಇದು ಮುತ್ತಿಲ್ಲದ ವಾರ ಎಂದು ನೆನಪಾಗಿ ನಿಲ್ಲುತ್ತದೆ. ವರ್ದಾ ಹೋದರು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಇನ್ನೇನು ಆಸೆ ಎಂದು ನಾನು ಕೇಳಿದರೆ, ಫಿಬ್ರೋನ್ಯಾ ಎಣ್ಣೆ ಬಿದ್ದ ಪುಡಿಯನ್ನು ಕಲಸುತ್ತಲೇ ಹೇಳುತ್ತಾರೆ.

"ಭಾನುವಾರ ಎಲ್ಲರಿಗಿಂತ ಮುಂಚೆ ಅವಳ ಗೋಣಿತಾಟಿನ ಮುಂದೆ ಹೋಗಿ ನಿಲ್ತೀನಿ. ಮುತ್ತಿಡ್ತಾಳೋ ಉಗೀತಾಳೋ, ಅದು ಅವಳಿಷ್ಟ. ಈ ಸಲ ಓಣಿ ಬದಲಿಸಲ್ಲ, ಕೆನ್ನೆ ತಿರುಗಿಸಲ್ಲ."