ಇಲಿಮನೆಯ ಶೇಂಗಾ ಹೋಳಿಗೆ

ಕುರುಗೋಡಿನ ಓಬಣ್ಣ ಬಳ್ಳಾರಿಯ ಔಷಧ ವಿಜ್ಞಾನ ಕಾಲೇಜೊಂದರ ಇಲಿಮನೆಯನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಂಡಿದ್ದಾನೆ. ಬುತ್ತಿ ಬಿಚ್ಚಿದಾಗ ಎದುರಿದ್ದವರಿಗೆ ಕೊಡದೆ ತುತ್ತು ಎತ್ತದ ಮನೆತನ ಅವನದು. ಮಧ್ಯಾಹ್ನ ಅವನೆದುರು ಇರುವುದು ಇಲಿಗಳು ಮಾತ್ರ.

ಸಿರುಗುಪ್ಪದ ಸಿಂಧು ಅಲ್ಲಿಯೇ ಸಂಶೋಧನೆ ಮಾಡುತ್ತಿದ್ದಳು. ಗಾಂಜಾದ ಅಂಶಗಳು ಹೋಗಿ ಕೂರುವ ಗ್ರಾಹಿಗಳು ದೇಹದಲ್ಲಿ ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಹೆಚ್ಚಾಗಿ ಮಿದುಳಿನಲ್ಲಿದ್ದು ಮಂಪರನ್ನೂ ಹಸಿವನ್ನೂ ತರಿಸುತ್ತದೆ; ಎರಡನೆಯದು ಬಾವು, ನೋವುಗಳಿಗೆ ಸಂಬಂಧಿಸಿದ್ದು. ಎರಡನೆಯದನ್ನು ಮಾತ್ರ ಮುಟ್ಟುವ ಸಂಯುಕ್ತವೊಂದನ್ನು ಆಕೆ ಮೂರು ವರ್ಷ ಬೆವರು ಸುರಿಸಿ ತಯಾರಿಸಿದ್ದಳು. ಅದನ್ನು ಪಡೆದ ಇಲಿಗಳು ತಿರುಗುವ ಕೋಲಿನ ಮೇಲೆ ಚುರುಕಾಗಿ ನಡೆಯಬೇಕಿತ್ತು. ಅವು ಒಂದೊಂದಾಗಿ ಉದುರಿದವು. ಎಂಟೇ ದಿನದಲ್ಲಿ ದಪ್ಪವೂ ಆಗಿದ್ದವು. ಹೋಲಿಕೆಗೆಂದು ಬರೀ ಉಪ್ಪುನೀರಿನ ಸೂಜಿ ಪಡೆದವು ಸರ್ಕಸ್ಸಿನವರಂತೆ ನಡೆದವು.

"ಮಿದುಳಿಗೇ ಹೋಗ್ಯದ ಓಬಣ್ಣ," ಎಂದು ಸಿಂಧು ಸ್ಟೂಲಿನ ಮೇಲೆ ಕುಸಿದಳು. "ಸೋಮವಾರ ಇದನ್ನ ನೋಡಿದ್ರ ಗೈಡ್ ಸರ್ ಕೆಲಸಾನೇ ಬಿಡು ಅಂತಾರ."

"ಅಂದ್ರ, ಕುರುಗೋಡಿನ ಬಸ್ಸು ಸಿರುಗುಪ್ಪಕ್ಕ ಹೋಗೇತಿ ಅನ್ರಿ."

"ಹೂಂ. ಇಷ್ಟು ಹಸಿವು ಎಲ್ಲಿಂದ ಬಂತು ಇವಕ್ಕ?"

ಓಬಣ್ಣನ ಬುತ್ತಿಡಬ್ಬಿ ಮೆಲ್ಲಗೆ ಬೆನ್ನ ಹಿಂದೆ ಸರಿಯಿತು. ಹೇಳಿದರೆ ಇಲಿಮನೆಯ ಬೀಗದಕೈ ಹೋಗುತ್ತದೆ. ಹೇಳದಿದ್ದರೆ ಹುಡುಗಿಯ ಮೂರು ವರ್ಷ.

"ಹಸಿವಲ್ರಿ ಮೇಡಂ. ಶೇಂಗಾ ಹೋಳಿಗಿ."

"ಯಾವ ಹೋಳಿಗಿ?"

"ನಮ್ಮನಿಯಾಕಿ ಹಂಪಮ್ಮ ಕಟ್ಟಿದ್ದು. ಪೇಷೆಂಟ್ ನೋಡಾಕ ಬರಿಗೈಲೆ ಹೋಗಾಕ ಆಕ್ಕತೇನ್ರಿ?"

"ಉಪ್ಪುನೀರಿನವಕ್ಕೂ ಕೊಟ್ರೇನು?"

"ಅವಕ್ಕೇನು ಬ್ಯಾನಿರಿ? ಔಷಧ ತಗಂಡವೇ ಪೇಷೆಂಟು."

ಔಷಧದ ಇಲಿಗಳ ಬಾಲಕ್ಕೆ ಬಣ್ಣದ ಗುರುತು ಹಾಕುತ್ತಿದ್ದವನು ಅವನೇ; ಆಯ್ಕೆಯಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಸಿಂಧು ನೋಟ್‌ಬುಕ್ಕಿನಿಂದ ಮುಖ ಮುಚ್ಚಿಕೊಂಡಳು. ಹೆಗಲು ಕುಲುಕುತ್ತಿದ್ದುದು ಅಳುವಿಗೋ ನಗುವಿಗೋ ಓಬಣ್ಣನಿಗೆ ತಿಳಿಯಲಿಲ್ಲ.

"ತುಪ್ಪ ಹಚ್ಚಿದ್ರಾ?" ಎಂದಳು ಒಳಗಿನಿಂದಲೇ.

"ಬರೇ ಹೋಳಿಗಿ ಹೆಂಗ ಕೊಡ್ಲಿರಿ."

ಗೈಡ್ ಇನ್ನೂ ಹದಿನೈದು ದಿನ ಕೊಟ್ಟರು. ಹೊಸ ಇಲಿಗಳು ಬಂದವು. ಬೀಗದಕೈ ಓಬಣ್ಣನಲ್ಲೇ ಉಳಿಯಿತು. ಬುತ್ತಿ ಮಾತ್ರ ಅಂಗಳದ ಬೇವಿನ ಮರದ ಕೆಳಗೆ ವರ್ಗವಾಯಿತು.

ಎಂಟನೆಯ ದಿನ ಔಷಧ ಪಡೆದ ಇಲಿಗಳು ಒಂದೂ ಉದುರದೆ ಕೋಲಿನ ಮೇಲೆ ನಡೆದವು. ಸಿಂಧು ಕಿಟಕಿಯಾಚೆ ನಿಂತಿದ್ದ ಓಬಣ್ಣನತ್ತ ತಿರುಗಿ ಚಪ್ಪಾಳೆ ತಟ್ಟಿದಳು. ಅವನು ಗಾಜಿಗೆ ಹಣೆ ಒತ್ತಿ ಪ್ರತಿಯೊಂದನ್ನೂ ನೋಡಿದ.

"ಭಾಳ ಸೊರಗ್ಯಾವ್ರಿ ಪಾಪ," ಎಂದ.