ಎಡಗೈಗೆ ಕೊಟ್ಟ ಕೋಡುಬಳೆ

ನಮ್ಮ ತಂಡ ಚಾಂಪಿಯನ್ ಆದ ಮೇಲೆ ಶುರುವಾದ ಹೊಸ ಸೀಸನ್ನಿನಲ್ಲಿ ನನಗೆ ಮೊದಲು ಬಂದದ್ದು ಸಿಟ್ಟು. ಸಿಟ್ಟು ನನಗೆ ಸ್ವಲ್ಪ ಬೇಗ ಬರುತ್ತದೆ. ಅದು ಗೊತ್ತಿದ್ದೂ ಆ ಸಲ ಅದನ್ನೇ ನಂಬಿದೆ.

ನಮ್ಮ ತಂಡ ಎಂದರೆ ಕ್ರಿಕೆಟ್ ತಂಡವಲ್ಲ, ಬೇಸ್‌ಬಾಲ್ ತಂಡ. ಸಿಡ್ನಿ ಒಲಿಂಪಿಕ್ಸ್ ಮುಗಿದು ಕೆಲವು ವರ್ಷವಾಗಿತ್ತು. ಸಿಡ್ನಿಯ ಹೊರವಲಯದ ಟೂಂಗಾಬಿಯಲ್ಲಿ ನಾವು ರೆಂಟಿಗಿದ್ದ ಮನೆಯ ಹಿಂದಿನ ಮೈದಾನದಲ್ಲಿ ಒಂದು ಸಣ್ಣ ಕ್ಲಬ್ಬು ಶನಿವಾರ ಮಧ್ಯಾಹ್ನ ಆಡುತ್ತಿತ್ತು. ವಾರವಿಡೀ ವೆಸ್ಟ್‌ಮೀಡಿನ ಲ್ಯಾಬೊಂದರಲ್ಲಿ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿ ಕೂರುತ್ತಿದ್ದ ನಾನು, ಬಟ್ಟೆ ಒಣಹಾಕುತ್ತ ಬೇಲಿಯಾಚೆ ಆಟ ನೋಡಿದೆ. ಆಮೇಲೆ ಕುರ್ಚಿ ಹೊತ್ತುಕೊಂಡು ಹೋಗಿ ಮೈದಾನದ ಅಂಚಿನಲ್ಲೇ ಕೂತೆ. ಮೈಸೂರಿನವರಾದ ನನ್ನ ಗಂಡನಿಗೆ ಇದು ನಾಚಿಕೆಗೇಡು. "ಕ್ರಿಕೆಟ್ ಬಿಟ್ಟು ಇದೇನೇ ಇದು, ಚಿನ್ನಿದಾಂಡು ಥರ!" ಎನ್ನುತ್ತಲೇ ಅವರೂ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿದರು.

ಗೆಲುವಿಗೆಲ್ಲ ಕಾರಣ ನಮ್ಮ ಪಿಚರ್. ಕ್ರಿಕೆಟ್ಟಿನ ಬೌಲರ್ ಮಾಡುವ ಕೆಲಸವೇ, ಆದರೆ ಇಲ್ಲಿ ಓವರ್ ಮುಗಿಯಿತೆಂದು ಚೆಂಡು ಇನ್ನೊಬ್ಬನ ಕೈಗೆ ಹೋಗುವುದಿಲ್ಲ, ಹೆಚ್ಚುಕಡಿಮೆ ಇಡೀ ಪಂದ್ಯ ಒಬ್ಬನ ತೋಳಿನ ಮೇಲೆ ನಿಂತಿರುತ್ತದೆ. ಮೂವತ್ತರ ಆಸುಪಾಸಿನ, ಕೆಂಪು ಗಡ್ಡದ ಮನುಷ್ಯ. ವೃತ್ತಿಯಲ್ಲಿ ಎಲೆಕ್ಟ್ರಿಶಿಯನ್, ಮನೆಮನೆಗೆ ಹೋಗಿ ವೈರಿಂಗ್ ಮಾಡುತ್ತಿದ್ದ. ಆ ಬಲಗೈಯಿಂದಲೇ ಅವನ ಅನ್ನ, ಅದರಿಂದಲೇ ನಮ್ಮ ಟ್ರೋಫಿ.

ಗೆದ್ದ ವರ್ಷದ ಆರಂಭದಲ್ಲಿ ಒಮ್ಮೆ ಡಬ್ಬಿಯಿಂದ ಕೋಡುಬಳೆ ತೆಗೆದು ಕೊಟ್ಟಾಗ ಅವನು ಎಡಗೈ ಚಾಚಿದ್ದ. ನಮ್ಮಲ್ಲಿ ತಿನ್ನುವುದನ್ನು ಎಡಗೈಯಲ್ಲಿ ತೆಗೆದುಕೊಳ್ಳುವುದಿಲ್ಲ, ಕೊಟ್ಟವರಿಗೆ ಅವಮಾನ ಎಂದು ನನ್ನ ಇಂಗ್ಲಿಷಿನಲ್ಲಿ ಪಾಠ ಹೇಳಿದೆ. ಅಂದಿನಿಂದ ಪ್ರತಿ ಪಂದ್ಯಕ್ಕೂ ಮೊದಲು ಬಂದು, ಬಲಗೈಯನ್ನು ಪ್ಯಾಂಟಿಗೆ ಒರೆಸಿ, ತೀರ್ಥಕ್ಕೆ ಹಿಡಿದಂತೆ ಚಾಚುತ್ತಿದ್ದ. "ಬಲಗೈ," ಎಂದು ಕನ್ನಡದಲ್ಲೇ ಹೇಳುತ್ತಿದ್ದ. ನನಗಿಂತ ಹತ್ತೇ ವರ್ಷ ಚಿಕ್ಕವನು ನನ್ನನ್ನು ಆಂಟಿ ಎನ್ನುತ್ತಿದ್ದುದನ್ನೂ ಅದಕ್ಕಾಗಿ ಕ್ಷಮಿಸಿದ್ದೆ.

ಸೆಪ್ಟೆಂಬರಿನಲ್ಲಿ ಹೊಸ ಸೀಸನ್ನಿನ ಪ್ರಾಕ್ಟೀಸ್ ಶುರುವಾಯಿತು. ಗೂಡು ಕಟ್ಟಿದ್ದ ಮ್ಯಾಗ್‌ಪೈ ಹಕ್ಕಿಗಳು ದಾರಿಯಲ್ಲಿ ಹೋಗುವವರ ತಲೆಗೆ ಎರಗಿ ಕುಕ್ಕುತ್ತಿದ್ದ ದಿನಗಳು. ಆಟಗಾರರ ಬೆನ್ನ ಮೇಲೆಲ್ಲ 'ಚಾಂಪಿಯನ್ಸ್' ಎಂದು ಹೊಲಿದ ಹೊಸ ಜಾಕೆಟ್ಟು. ಪಿಚರ್ ಬಂದ, ನಕ್ಕ, ಎಡಗೈ ಚಾಚಿದ. ಮರೆತಿರಬೇಕೆಂದು ಕೋಡುಬಳೆ ಕೊಟ್ಟೆ. ಮುಂದಿನ ವಾರವೂ ಎಡಗೈ.

"ಎಂತ ಕೊಬ್ಬು ನೋಡಿ ಮಾರಾಯ್ರೆ! ಒಂದು ಕಪ್ ಗೆದ್ದದ್ದಕ್ಕೆ ಕಣ್ಣು ನೆತ್ತಿಗೇರಿದೆ," ಎಂದೆ ಗಂಡನಿಗೆ.

"ಅಯ್ಯೋ ಬಿಡೇ. ನಿನ್ನ ಕೋಡುಬಳೆ ಶಾಸ್ತ್ರ ಎಲ್ಲಾ ಅವನಿಗೆ ನೆನಪಿರತ್ತಾ?"

ನೆನಪಿತ್ತು. ತೆಗೆದುಕೊಳ್ಳುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ. ಉಳಿದವರು ಚೆಂಡೆಸೆಯುವಾಗ ಜಾಕೆಟ್ಟಿನ ಜೇಬಿಗೆ ಬಲಗೈ ತುರುಕಿ ಮರದ ಕೆಳಗೆ ನಿಂತಿರುತ್ತಿದ್ದ. ಸೀಸನ್ನಿನ ಮೊದಲನೆಯದಾದ ಮೆಲ್ಬರ್ನ್ ಪಂದ್ಯಕ್ಕೆ ಅವನ ಶಕ್ತಿ ಉಳಿಸುತ್ತಿದ್ದೇನೆಂದು ಕೋಚ್ ಎಲ್ಲರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಈ ವರ್ಷ ಏನೋ ಕೆಟ್ಟದ್ದಾಗುತ್ತದೆ ಎಂದು ಬಲವಾಗಿ ಅನಿಸತೊಡಗಿತು. ಕೆಟ್ಟದ್ದೆಂದರೆ ನನಗೆ ಆಗ ಸೋಲು ಮಾತ್ರ.

ಸಿಡ್ನಿ, ಮೆಲ್ಬರ್ನ್ ಎರಡೂ ಊರಿನ ಗೆದ್ದ ಕ್ಲಬ್ಬುಗಳ ನಡುವೆ ಮೆಲ್ಬರ್ನಿನಲ್ಲಿ ಪಂದ್ಯ ಆಡಿಸಿ ಸೀಸನ್ ಆರಂಭಿಸುವುದೆಂದು ಗೊತ್ತಾಗಿತ್ತು. ನನ್ನ ನಾದಿನಿಯ ಮನೆ ಅಲ್ಲೇ, ಗ್ಲೆನ್ ವೇವರ್ಲಿಯಲ್ಲಿ. ಹಿಂದಿನ ದಿನವೇ ಕಾರಿನಲ್ಲಿ ಹೊರಟು ಅವಳ ಮನೆ ಸೇರಿದೆವು. "ಅತ್ತಿಗೆ, ಬೇಸ್‌ಬಾಲ್ ನೋಡಕ್ಕೆ ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದ್ರಾ? ನಿಮ್ಗೇನಾದ್ರೂ ಆಗಿದ್ಯಾ?" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಬೇಗ ಎದ್ದು ಅವಳ ಅಡುಗೆಮನೆಯಲ್ಲೇ ಹೊಸದಾಗಿ ಕೋಡುಬಳೆ ಕರಿದೆ.

ಮೈದಾನದಲ್ಲಿ ಮೈ ಕೊರೆಯುವ ಗಾಳಿ. ಪಂದ್ಯಕ್ಕೆ ಇನ್ನೂ ಒಂದು ಗಂಟೆ ಇತ್ತು. ಗಂಡ ಕಾಫಿ ತರಲು ಹೋಗಿದ್ದರು. ಪಿಚರ್ ನಮ್ಮ ಕಾರಿನ ಹತ್ತಿರ ಬಂದು ಎಂದಿನಂತೆ ಎಡಗೈ ಚಾಚಿದ. ಇವತ್ತು ಬಿಡಬಾರದೆಂದು ಮನೆಯಿಂದಲೇ ನಿರ್ಧರಿಸಿ ಬಂದಿದ್ದೆ. ಡಬ್ಬಿಯನ್ನು ಹಿಂದಕ್ಕೆಳೆದು, "ಬಲಗೈ," ಎಂದೆ.

ಅವನು ಎಡಗೈ ಕೆಳಗಿಳಿಸಿದ. ಆಮೇಲೆ ಜೇಬಿನಿಂದ ಬಲಗೈ ತೆಗೆದು ಎತ್ತಿದ. ಮೊಣಕೈ ಅರ್ಧಕ್ಕೇ ನಿಂತಿತು, ನೆಟ್ಟಗಾಗಲಿಲ್ಲ. ನಾನಿಟ್ಟ ಕೋಡುಬಳೆಯನ್ನು ಹಿಡಿಯಲಾಗದೆ ಹುಲ್ಲಿನ ಮೇಲೆ ಬೀಳಿಸಿದ. ನಾಚಿಕೆಯಿಂದ ನನ್ನ ಮುಖ ಸುಟ್ಟಿತು. ಒಂದು ತಿಂಗಳು ಎದುರಿಗೇ ಇದ್ದ ನೋವನ್ನು ಕೊಬ್ಬು ಎಂದುಕೊಂಡಿದ್ದೆ.

"ಯಾವಾಗಿನಿಂದ?" ಎಂದು ಕೇಳಿದೆ.

"ಜೂನಿನಿಂದ, ಚಳಿಗಾಲ ಶುರುವಾದಾಗಿನಿಂದ. ಇನ್ನು ಚೆಂಡು ಎಸೀಲೇಬೇಡ ಅಂದಿದ್ದಾರೆ ಡಾಕ್ಟರು. ಮೊಣಕೈ ಒಳಗಿನ ಲಿಗಮೆಂಟ್ ಪೂರ್ತಿ ಹರಿದರೆ ಸ್ಕ್ರೂಡ್ರೈವರ್ ತಿರುಗಿಸೋದೂ ಕಷ್ಟವಂತೆ." ಅವನು ಕೋಚ್ ಕಡೆ ನೋಡಿ ದನಿ ತಗ್ಗಿಸಿದ. "ಬೆಚ್ಚಗಾದರೆ ಸಡಿಲ ಆಗತ್ತೆ ಆಂಟಿ. ಇವತ್ತೊಂದು ಮ್ಯಾಚ್ ಅಷ್ಟೇ. ಅವನಿಗೆ ಹೇಳಬೇಡಿ, ಪ್ಲೀಸ್."

ಕೋಚ್ ಹತ್ತು ಹೆಜ್ಜೆ ಆಚೆ ಬ್ಯಾಟುಗಳನ್ನು ಚೀಲದಿಂದ ತೆಗೆಯುತ್ತಿದ್ದ. ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಡಬ್ಬಿಯ ಮುಚ್ಚಳ ಹಾಕಿ, "ನಿಧಾನಕ್ಕೆ ಎಸಿ," ಎಂದೆ.

ಅವನು ದೊಡ್ಡವನು, ಅವನ ತೋಳು ಅವನಿಗೆ ಬಿಟ್ಟದ್ದು, ನಾನ್ಯಾರು ಮಧ್ಯೆ ಬಾಯಿಹಾಕಲು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಎರಡನೆಯ ಪಿಚರ್ ಆಡಿದರೆ ನಾವು ಸೋಲುವುದು ಖಂಡಿತವಿತ್ತು. ನನಗೆ ಮೆಲ್ಬರ್ನಿನವರನ್ನು ಸೋಲಿಸಬೇಕಾಗಿತ್ತು.

ಅವನು ಚೆನ್ನಾಗಿಯೇ ಎಸೆದ, ಅದೇ ಭಯಂಕರವಾಗಿತ್ತು. ಒಂದೊಂದು ಎಸೆತಕ್ಕೂ ನನ್ನ ಮೊಣಕೈ ತಾನಾಗಿ ಬಿಗಿಯುತ್ತಿತ್ತು, ಚೆಂಡು ಸರಿಯಾದ ಜಾಗಕ್ಕೆ ಬಿದ್ದೊಡನೆ ಬಾಯಿ ತಾನಾಗಿ ಕೂಗುತ್ತಿತ್ತು. ಒಂಬತ್ತು ಇನ್ನಿಂಗ್ಸಿನ ಆಟದಲ್ಲಿ ಮೂರನೆಯದು ಮುಗಿದಾಗ ಅವನು ಯಾರ ಜೊತೆಗೂ ಮಾತಾಡದೆ ಬೆಂಚಿನ ತುದಿಯಲ್ಲಿ ಕೂತು ತೋಳಿಗೆ ಟವೆಲ್ ಸುತ್ತಿಕೊಂಡ. ಆಗಲೂ ಎದ್ದು ಹೋಗಬಹುದಿತ್ತು. "ಯಾಕೇ ಹೀಗೆ ಬೆವರ್ತಿದೀಯಾ, ಈ ಚಳೀಲಿ?" ಎಂದು ಗಂಡ ಕೇಳಿದರು. ಏನಿಲ್ಲ ಎಂದೆ.

ಐದನೇ ಇನ್ನಿಂಗ್ಸಿನಲ್ಲಿ ನಾವು ಒಂದೇ ಒಂದು ರನ್ ಮುಂದಿದ್ದೆವು. ರನ್ನಿಗೆ ದಾಟಬೇಕಾದ ಮೂರು ಬೇಸಿನಲ್ಲೂ ಎದುರಾಳಿಗಳು ಬಂದು ನಿಂತಿದ್ದರು. ಅಂಪೈರ್ ಸರಿ ಎಂದ ಎಸೆತವನ್ನು ಹೊಡೆಯದಿದ್ದರೆ ಅದು ಸ್ಟ್ರೈಕ್; ಬ್ಯಾಟ್ ಹಿಡಿದವನಿಗೆ ಆಗಲೇ ಎರಡು ಸ್ಟ್ರೈಕ್ ಆಗಿತ್ತು, ಇನ್ನೊಂದಾದರೆ ಅವನು ಔಟ್, ಅವರ ಇನ್ನಿಂಗ್ಸೂ ಮುಗಿದಂತೆ. ಪಿಚರ್ ಟೋಪಿ ತೆಗೆದು ತೋಳಿನಿಂದ ಹಣೆ ಒರೆಸಿಕೊಂಡ. ಎದ್ದುನಿಂತೆ. ಕೋಚ್ ಹತ್ತಿರ ಹೋಗಲು ಎದ್ದೆನೋ, ಆಟ ಚೆನ್ನಾಗಿ ಕಾಣಲೆಂದು ಎದ್ದೆನೋ, ಇಂದಿಗೂ ಹೇಳಲಾರೆ.

ಅವನು ಎಸೆದ. ಬ್ಯಾಟ್ ಹಿಡಿದವನು ಅಲುಗಲಿಲ್ಲ. ಚೆಂಡು ಅವನ ಹಿಂದೆ ಕೂತಿದ್ದ ಕ್ಯಾಚರನ ಗ್ಲೌಸಿಗೆ ಹೋಗಿ ಬಡಿಯುವಷ್ಟರಲ್ಲಿ ಪಿಚರ್ ಮೊಣಕೈಯನ್ನು ಹೊಟ್ಟೆಗೆ ಅವುಚಿಕೊಂಡು ಮಣ್ಣಿನಲ್ಲಿ ಕುಸಿದಿದ್ದ. ಮೈದಾನಕ್ಕೆಲ್ಲ ಕೇಳುವಂತೆ ಕಿರುಚಿದ. ಕೋಚ್ ಓಡಿದ. ಬೇಸ್‌ಬಾಲ್ ಎಂದರೆ ಮೂಗು ಮುರಿಯುವ ನನ್ನ ಗಂಡ ಕಾಫಿ ಲೋಟ ಎಸೆದು ಓಡಿದರು. ಅವನಿಗೆ ಹೀಗಾಗುತ್ತದೆಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನು ಅಂಪೈರ್ ಕಡೆ ತಿರುಗಿ, ಸ್ಟ್ರೈಕ್ ಕೊಟ್ಟನೇ ಎಂದು ನೋಡುತ್ತಿದ್ದೆ.