ಮಹಡಿಯ ಮೇಲಿನ ಅವರೆಕಾಳು

ಎದೆ ಬಿಗಿಯುತ್ತಿದೆ ಎಂದು ತಂಗಿ ಹೇಳಿದಾಗ ನಾನು ಅವಳನ್ನು ಮಹಡಿಯಿಂದ ಕೆಳಗೆ ಕಳಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಚಳಿಗಾಲದ ಸೊಗಸು ಹೇಳುತ್ತ ಹೇಳುತ್ತ ಜಾರಿಸಿಬಿಡುತ್ತೇನೆ.

ಚಳಿಗಾಲವೆಂದರೆ ನನಗೆ ಪ್ರಾಣ. ಹಲಸೂರು ಕೆರೆಯ ಮೇಲೆ ಮಂಜು ಕೂತಿರುತ್ತದೆ. ಶಿವಾಜಿನಗರದ ಬಸ್ಸಿನಲ್ಲಿ ಎಲ್ಲರೂ ಟೋಪಿ, ಮಫ್ಲರ್ ಸುತ್ತಿಕೊಂಡು ಒಂದೇ ಮನೆಯವರಂತೆ ಕಾಣುತ್ತಾರೆ. ಮಾರ್ಕೆಟ್ಟಿನ ಬಾಗಿಲಲ್ಲಿ ಅವರೆಕಾಯಿ ಗುಡ್ಡೆ ಬೀಳುತ್ತದೆ. ಕೈಗೆ ಅಂಟಿದ ಸೊಗಡು ಸೋಪು ಹಾಕಿದರೂ ಬಿಡುವುದಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಕೈತುಂಬ ಕೆಲಸ ಸಿಗುವುದೂ ಆಗಲೇ.

ನಾವಿಬ್ಬರೂ ಹಿತಕಿದ ಬೇಳೆ ಮಾಡಿ ಮನೆಗಳಿಗೆ ಕೊಡುತ್ತಿದ್ದೆವು. ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸಬೇಕು. ಒಳಗೆ ಒಲೆಯ ಕಾವಿಗೆ ಬೇಳೆ ಹುಳಿ ಬರುತ್ತದೆಂದು, ಬೆಳಕು ಹರಿಯುವ ಮೊದಲೇ ಮಹಡಿಯ ಮೇಲೆ ಇಬ್ಬನಿಯಲ್ಲಿ ಕೂರುವ ಪದ್ಧತಿ ಮಾಡಿದವಳು ನಾನು. ತಂಗಿಗೆ ಚಿಕ್ಕಂದಿನಿಂದಲೂ ಉಬ್ಬಸ.

ಅವತ್ತು ಇಂದಿರಾನಗರದ ಒಂದು ಮನೆಗೆ, ಹುಟ್ಟುಹಬ್ಬದ ಊಟಕ್ಕೆ ಬೇಳೆ ಕೊಡಬೇಕಿತ್ತು.

“ಅಕ್ಕಾ, ಎದೆ ಹಿಡ್ಕೊಂಡಂಗಾಗ್ತಿದೆ. ಕೆಳಗೆ ಹೋಗ್ಲಾ?” ಅಂದಳು.

“ಕೆಳಗೋದ್ರೆ ಕಂಬಳಿ ಹೊದ್ದು ಗೊರಕೆ ಹೊಡೀತೀಯ. ನಂಗೊತ್ತಿಲ್ವಾ ನಿನ್ನ ನಾಟಕ? ಹಿತುಕೇ ತಾಯಿ, ಹಿತುಕು.”

ಅವಳೂ ನಕ್ಕಳು. ಸ್ವಲ್ಪ ಹೊತ್ತಿನಲ್ಲೇ ಬುಟ್ಟಿಯ ಮೇಲೆ ಬಿದ್ದಳು. ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದಳು, ಆದರೆ ಉಸಿರು ಮೊದಲಿನಂತಾಗಲಿಲ್ಲ. ಈಗ ಬಚ್ಚಲಿಗೆ ಹೋಗಬೇಕೆಂದರೂ ನಡುವೆ ಗೋಡೆ ಹಿಡಿದು ನಿಲ್ಲುತ್ತಾಳೆ. ನೋಡಲು ಬಂದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: “ಬೇಡ ಬೇಡ ಅಂದ್ರೂ ಮೇಲೆ ಹತ್ತಿದ್ಳು.” ಮಂಚದಲ್ಲಿದ್ದ ಅವಳಿಗೆ ಅದು ಕೇಳಿಸುತ್ತಿತ್ತು. ಒಂದು ಸಲವೂ ಎದುರಾಡಲಿಲ್ಲ.

ಈ ಸಲ ಚಳಿ ಶುರುವಾದಾಗ ಪಕ್ಕದ ಮನೆಯ ಆಪಾ ಬಿಸಿ ಸೂಪು ತಂದರು. ತಂಗಿಯನ್ನು ಕೂರಿಸಿ ಬೈದರು: “ಎಂಥಾ ಹುಡುಗೀನೇ ನೀನು! ಅಕ್ಕ ಅಷ್ಟು ಬೇಡ ಅಂದ್ರೂ ಕೇಳ್ಲಿಲ್ವಂತೆ. ಮೊಂಡಿ!”

ತಂಗಿ ಉಸಿರು ಎಳೆದುಕೊಂಡು, “ಹೂಂ ಆಪಾ, ನಾನೇ ಮೊಂಡಿ,” ಎಂದಳು. ನನ್ನ ಕಡೆ ನೋಡಲಿಲ್ಲ.

ಮುಚ್ಚಿದ ಕಿಟಕಿಯ ಗಾಜಿನಾಚೆ ನನಗೆ ಅಷ್ಟೊಂದು ಇಷ್ಟವಾದ ಎಳೆಬಿಸಿಲು ಬಿದ್ದಿತ್ತು. ಅದನ್ನು ನೋಡಲಾಗಲಿಲ್ಲ.

“ಅಲ್ಲ ಆಪಾ,” ಎಂದೆ. “ಅವಳು ಕೆಳಗೆ ಹೋಗ್ತೀನಿ ಅಂತ ಕೇಳಿದ್ಳು. ನಾನೇ ಬಿಡ್ಲಿಲ್ಲ. ಆಮೇಲೆ ಎಲ್ಲರ ಹತ್ರ ಸುಳ್ಳು ಹೇಳ್ದೆ.”

ಆಪಾ ಪಾತ್ರೆ ಹಿಡಿದುಕೊಂಡೇ ನಿಂತರು. ನಾನು ಮಂಚದ ಬಳಿ ಹೋಗಿ ತಂಗಿಯ ಕಾಲ ಹತ್ತಿರ ಕೂತೆ.

“ತಪ್ಪಾಯ್ತು ಕಣೇ. ನೀನು ಉಸಿರಿಗೆ ಒದ್ದಾಡ್ತಿದ್ರೂ ನಾನು ಬೇಳೇನೇ ನೋಡ್ದೆ. ಆಮೇಲೆ ತಪ್ಪನ್ನೂ ನಿನ್ನ ಮೇಲೇ ಹಾಕ್ದೆ. ನನ್ನನ್ನ ಕ್ಷಮಿಸ್ಬಿಡು.”